ಗಂಟು ಮತ್ತು ಸೂಜಿ

ಸ್ತನದ ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ಮಾತನ್ನು ನಂಬಿ ನನ್ನ ತಾಯಿ ಎಂಟು ತಿಂಗಳು ಬಯಾಪ್ಸಿಯನ್ನು ಮುಂದೂಡಿದರು.

ಜೀವಕೋಶದ ವಂಶವಾಹಿಗಳಲ್ಲಿ ದೋಷಗಳು ಒಂದೊಂದಾಗಿ ಕೂಡಿ, ವಿಭಜನೆಯ ಕಡಿವಾಣ ತಪ್ಪಿದಾಗ ಗಡ್ಡೆ ಹುಟ್ಟುತ್ತದೆ. ಸೌಮ್ಯ ಗಡ್ಡೆ ಹುಟ್ಟಿದೆಡೆಯಲ್ಲೇ ಬೆಳೆಯುತ್ತದೆ. ಮಾರಕವಾದುದು ನೆರೆಯ ಅಂಗಾಂಶಕ್ಕೆ ನುಗ್ಗಿ, ರಕ್ತನಾಳ, ದುಗ್ಧನಾಳಗಳ ಮೂಲಕ ದೂರದ ಅಂಗಗಳನ್ನೂ ಸೇರಬಲ್ಲದು. ಕೈಗೆ ಎರಡೂ ಒಂದೇ ತೆರನಾಗಿ ತೋರಬಹುದು. ಸ್ಕ್ಯಾನ್ ಅನುಮಾನವನ್ನಷ್ಟೇ ಹುಟ್ಟಿಸುತ್ತದೆ. ಅದನ್ನು ಬಗೆಹರಿಸುವುದು ಸೂಕ್ಷ್ಮದರ್ಶಕದಡಿಯ ಅಂಗಾಂಶದ ತುಣುಕು. ಗಡ್ಡೆಯ ಬಗೆಯೂ ಚಿಕಿತ್ಸೆಯ ದಾರಿಯೂ ತಿಳಿಯುವುದು ಅದರಿಂದಲೇ.

ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅಮ್ಮನದು ಆಗಿತ್ತು; ಕಂಕುಳಿನ ಗ್ರಂಥಿಗಳಿಗೂ ಇಳಿದಿತ್ತು. ಆ ದಿನದವರೆಗೆ ಒಂದು ಸೂಜಿಯೂ ಅದಕ್ಕೆ ಸೋಕಿರಲಿಲ್ಲ.