ಹುಲಿಯನ್ನಷ್ಟೇ ಎಣಿಸಿದರೆ ಸಾಕೇ?

2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು ಸಂಖ್ಯೆ 563. ಎಲ್ಲರೂ ಸಂಭ್ರಮಿಸಿದೆವು. ಅವು ಏನನ್ನು ತಿಂದು ಬದುಕಿವೆಯೆಂದು ಕೇಳಿದವರು ವಿರಳ. ಒಂದೇ ಅಂಕಿಯ ಮೇಲೆ ಆಡಳಿತಕ್ಕಿರುವ ಮೋಹ ನನಗೆ ಹೊಸದಲ್ಲ. ಸೇವೆಯಲ್ಲಿದ್ದಾಗ ನಾನೂ ಅದಕ್ಕೆ ಹೊರತಾಗಿರಲಿಲ್ಲ.

ಕಾಡಿನಲ್ಲಿ ಯಾರು ಯಾರನ್ನು ತಿನ್ನಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ದೇಹದ ಗಾತ್ರ. ಬ್ರಿಟನ್ನಿನ ಚಾರ್ಲ್ಸ್ ಎಲ್ಟನ್ 1927ರಲ್ಲೇ ಇದನ್ನು ವಿವರಿಸಿದ್ದರು. ಬೇಟೆ ತೀರಾ ದೊಡ್ಡದಾದರೆ ಹಿಡಿಯಲಾಗದು. ತೀರಾ ಚಿಕ್ಕದಾದರೆ ಪಟ್ಟ ಶ್ರಮಕ್ಕೆ ತಕ್ಕ ಪ್ರತಿಫಲವಿಲ್ಲ. ಅರ್ಥಶಾಸ್ತ್ರ ಓದಿದವರಿಗೆ ಪರಿಚಿತ ಲೆಕ್ಕವೇ.

ನಾಗರಹೊಳೆಯ ಕುರಿತು ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಹುಲಿಯ ಪ್ರಮುಖ ಬೇಟೆಗಳ ಸರಾಸರಿ ತೂಕ 91.5 ಕಿಲೋ, ಸೀಳುನಾಯಿಯದು 43.4, ಚಿರತೆಯದು 37.6. ಚುಕ್ಕೆಜಿಂಕೆಗೆ ಮೂರೂ ಬಾಯಿ ಹಾಕುತ್ತಿದ್ದವು, ನಿಜ. ಆದರೆ ಕಾಟಿ, ಕಡವೆಗಳು ಸಾಕಷ್ಟಿದ್ದುದರಿಂದ ಹುಲಿಯ ಹಸಿವು ಅತ್ತ ಹೊರಳುತ್ತಿತ್ತು. ಚಿಕ್ಕ ಬೇಟೆ ಉಳಿದೆರಡಕ್ಕೆ ದಕ್ಕುತ್ತಿತ್ತು. ಒಂದೇ ಕಾಡಿನಲ್ಲಿ ಮೂರೂ ಬದುಕಲು ಇದೊಂದು ಮುಖ್ಯ ಕಾರಣ.

ಕಳ್ಳಬೇಟೆಯಿಂದ ಕಾಟಿ, ಕಡವೆಗಳು ಕ್ಷೀಣಿಸಿದರೆ, ಅಥವಾ ಲಂಟಾನ ಹಬ್ಬಿ ಅವುಗಳ ಮೇವನ್ನು ಕಸಿದರೆ, ಹುಲಿ ಜಿಂಕೆಗೆ ಇಳಿಯುತ್ತದೆ. ಆ ಪೈಪೋಟಿಯಲ್ಲಿ ಸೋಲುವುದು ಚಿರತೆ. ಅದರ ಪಾಲಿಗೆ ಉಳಿಯುವುದು ಕಾಡಂಚಿನ ಊರುಗಳ ನಾಯಿ, ಮೇಕೆ, ಕರು. ಬಡ ರೈತನ ಕೊಟ್ಟಿಗೆ ಬರಿದಾದ ಮೇಲೆ ಬೋನು ಬರುತ್ತದೆ, ಪರಿಹಾರದ ಕಡತ ತೆರೆಯುತ್ತದೆ. ಆ ಕಡತದಲ್ಲಿ ಕಡವೆಯ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ.