ಚುನಾವಣಾ ಪದ್ಧತಿಯನ್ನೇ ಬದಲಿಸಿದ ಮತದಾರರು

ಪ್ರಶ್ನೆ: ಜನರೇ ಹಟ ಹಿಡಿದು ತಮ್ಮ ದೇಶದ ಮತದಾನ ಪದ್ಧತಿಯನ್ನು ಬದಲಿಸಿದ್ದುಂಟೇ?

ಉತ್ತರ: ಉಂಟು, ನ್ಯೂಜಿಲೆಂಡ್‌ನಲ್ಲಿ. ಅಲ್ಲಿಯೂ ನಮ್ಮಲ್ಲಿರುವಂತೆ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿಯಿತ್ತು. 1978 ಮತ್ತು 1981ರಲ್ಲಿ ಲೇಬರ್ ಪಕ್ಷಕ್ಕೆ ಹೆಚ್ಚು ಮತ ಬಂದರೂ ಗದ್ದುಗೆ ಸಿಕ್ಕಿದ್ದು ನ್ಯಾಷನಲ್ ಪಕ್ಷಕ್ಕೆ. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಪಕ್ಷ ಶೇ 20ಕ್ಕೂ ಹೆಚ್ಚು ಮತ ಗಳಿಸಿತು. ದಕ್ಕಿದ್ದು ಎರಡೇ ಸ್ಥಾನ!

1986ರಲ್ಲಿ, ಚುನಾವಣಾ ಪದ್ಧತಿಯ ಪರಿಶೀಲನೆಗೆ ಸರ್ಕಾರ ನೇಮಿಸಿದ್ದ ರಾಯಲ್ ಆಯೋಗವು ಜರ್ಮನಿ ಮಾದರಿಯ ಮಿಶ್ರ ಪದ್ಧತಿಯನ್ನು ಶಿಫಾರಸು ಮಾಡಿತು. ಇದರಲ್ಲಿ ಮತದಾರನಿಗೆ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಪಕ್ಷಗಳ ಒಟ್ಟು ಬಲವನ್ನು ನಿರ್ಧರಿಸುವುದು ಎರಡನೆಯದು. ಹಳೆಯ ಏಣಿ ಹತ್ತಿ ಮೇಲೇರಿದ್ದ ದೊಡ್ಡ ಪಕ್ಷಗಳಿಗೆ ಈ ಬದಲಾವಣೆಯ ಅವಸರವೇನೂ ಇರಲಿಲ್ಲ. ಆದರೆ ಚುನಾವಣಾ ಸುಧಾರಣಾ ಒಕ್ಕೂಟದ ಸ್ವಯಂಸೇವಕರು ಪಟ್ಟು ಬಿಡಲಿಲ್ಲ.

1992ರ ಜನಮತಗಣನೆಯಲ್ಲಿ ಸುಮಾರು ಶೇ 85ರಷ್ಟು ಮಂದಿ ಬದಲಾವಣೆ ಬೇಕೆಂದರು. ಆಮೇಲೆ ವಿರೋಧಿಗಳು ಜಾಹೀರಾತುಗಳಿಗೆ ಹಣ ಸುರಿದರು. ಹಾಗಾಗಿ 1993ರ ಅಂತಿಮ ಮತದಾನದಲ್ಲಿ ಹೊಸ ಪದ್ಧತಿ ಗೆದ್ದದ್ದು ಸುಮಾರು ಶೇ 54 ಮತಗಳಿಂದಷ್ಟೇ. 1996ರಿಂದ ಅದೇ ಜಾರಿಯಲ್ಲಿದೆ. 2011ರಲ್ಲಿ ಮತ್ತೆ ಕೇಳಿದಾಗಲೂ ಜನ ಅದನ್ನೇ ಉಳಿಸಿಕೊಂಡರು.