ಹಟ್ಟಿಯ ಹಳೆಯ ಗಣಿ

1915ನೆಯ ಇಸವಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ರಾಯಚೂರು ಸೀಮೆಯ ಮಸ್ಕಿಯ ಗುಡ್ಡದಲ್ಲಿ ಬಂಗಾರದ ಸುಳಿವನ್ನು ಅರಸುತ್ತ ಅಲೆಯುತ್ತಿದ್ದಾಗ, ಬಂಡೆಯೊಂದರ ಮೇಲೆ ಕೊರೆದ ಅಕ್ಷರಗಳನ್ನು ಕಂಡನು. ಆತನಿಗೆ ಬೇಕಾಗಿದ್ದುದು ಅದಲ್ಲ. ಆದರೆ ವಿದ್ವಾಂಸರು ಆ ಬರಹವನ್ನು ಓದಿದಾಗ ಒಂದು ದೊಡ್ಡ ಪ್ರಶ್ನೆ ಬಗೆಹರಿಯಿತು. ಅದುವರೆಗೆ ದೊರೆತ ಶಾಸನಗಳಲ್ಲೆಲ್ಲ ‘ದೇವಾನಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಹೆಸರಿರಲಿಲ್ಲ. ಮಸ್ಕಿಯ ಬಂಡೆ ‘ಅಶೋಕ’ ಎಂಬ ಹೆಸರನ್ನು ಹೇಳಿತು. ಚರಿತ್ರೆಯ ಪುಸ್ತಕಗಳಲ್ಲಿ ಈ ಸಂಗತಿ ಬರುತ್ತದೆ. ಬೀಡನ್ ಅಲ್ಲಿಗೆ ಏಕೆ ಹೋಗಿದ್ದನೆಂಬುದು ಮಾತ್ರ ಅಷ್ಟಾಗಿ ಬರುವುದಿಲ್ಲ.

ಅವನು ಹೋಗಿದ್ದುದು ಹಿಂದಿನವರ ಹೆಜ್ಜೆಯ ಜಾಡು ಹಿಡಿದು. ಮಸ್ಕಿಯಿಂದ ಹೆಚ್ಚು ದೂರವಲ್ಲದ ಹಟ್ಟಿ, ವಂದಲಿ ಮೊದಲಾದ ಊರುಗಳ ಸುತ್ತ ನೆಲದಲ್ಲಿ ಸಾಲುಸಾಲಾಗಿ ಹಳ್ಳಗಳಿದ್ದುವು. ಬಂಡೆಗಳ ಮೇಲೆ ಒರಳಿನಂಥ ಗುಳಿಗಳು, ಪಕ್ಕದಲ್ಲಿ ಸವೆದ ಗುಂಡುಕಲ್ಲುಗಳು. ಯಾರೋ, ಎಂದೋ, ಇಲ್ಲಿ ಕಲ್ಲನ್ನು ಅಗೆದು ಕುಟ್ಟಿ ಹಿಟ್ಟು ಮಾಡಿ, ನೀರಿನಲ್ಲಿ ಜಾಲಿಸಿ ಬಂಗಾರ ತೆಗೆದಿದ್ದರು. ಅಶೋಕನ ದಕ್ಷಿಣ ಪ್ರಾಂತದ ಪೀಠವಾಗಿದ್ದ ಸುವರ್ಣಗಿರಿ ಯಾವುದೆಂಬುದರಲ್ಲಿ ಪಂಡಿತರಿಗೆ ಮತಭೇದವುಂಟು. ಆದರೆ ಈ ಸೀಮೆಯಲ್ಲಿ ಬಂಗಾರವಿತ್ತೆಂಬುದಕ್ಕೆ ಯಾರ ಸಾಕ್ಷಿಯೂ ಬೇಕಿಲ್ಲ; ಹಳ್ಳಗಳೇ ಸಾಕ್ಷಿ.

ಈ ಹಳ್ಳಗಳಲ್ಲಿ ಒಂದು ಎಷ್ಟು ಆಳಕ್ಕೆ ಹೋಗಿತ್ತೆಂಬುದು ಈಚಿನವರು ಅಲ್ಲಿ ಗಣಿ ತೋಡಿದಾಗಲಷ್ಟೆ ತಿಳಿಯಿತು. ಹಟ್ಟಿಯಲ್ಲಿ ಪ್ರಾಚೀನರು ಸುಮಾರು 640 ಅಡಿಗಳವರೆಗೆ ಇಳಿದಿದ್ದರು. ಬಿಜಾಪುರದ ಗೋಲಗುಂಬಜವನ್ನು ಒಂದರ ಮೇಲೊಂದರಂತೆ ಮೂರು ಬಾರಿ ಪೇರಿಸಿದರೂ ಆ ಆಳ ತುಂಬದು. ಅಲ್ಲಿ ಉಳಿದಿದ್ದ ಮರದ ತುಂಡುಗಳನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅವುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷವೆಂದು ಗೊತ್ತಾಯಿತು. ಮದ್ದಿಲ್ಲ, ಉಕ್ಕಿನ ಬೈರಿಗೆಯಿಲ್ಲ, ನೀರೆತ್ತುವ ಯಂತ್ರವಿಲ್ಲ. ಮತ್ತೆ ಹೇಗೆ? ಬಂಡೆಗೆ ಆನಿಸಿ ಸೌದೆ ಒಟ್ಟಿ ಉರಿ ಹಚ್ಚುವುದು, ಕಲ್ಲು ಕಾದು ಕೆಂಡವಾದ ಮೇಲೆ ನೀರೆರಚುವುದು, ಬಂಡೆ ಬಿರಿಯುತ್ತಿತ್ತು. ಹಳೆಯ ತೋಡಿನಲ್ಲಿ ಸಿಕ್ಕ ಇದ್ದಿಲು ಬೂದಿಗಳು ಇದನ್ನು ಸಾರುತ್ತವೆ. 1962ರಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಭಾರತದ ಈ ಪ್ರಾಚೀನ ವಿದ್ಯೆಯನ್ನು ಕುರಿತು ವಿವರವಾಗಿಯೇ ಬರೆದಿದ್ದಾರೆ. ನೂರಾರು ಅಡಿ ಕೆಳಗೆ, ಗಾಳಿಯಾಡದ ಇಕ್ಕಟ್ಟಿನಲ್ಲಿ, ಆ ಹೊಗೆಯ ನಡುವೆ ಕೆಲಸ ಮಾಡಿದವರು ಯಾರೆಂಬುದನ್ನು ಮಾತ್ರ ಯಾವ ಶಾಸನವೂ ಹೇಳುವುದಿಲ್ಲ.

ಹಿಂದಿನವರು ಇಷ್ಟು ಚೆನ್ನಾಗಿ ಅಗೆದಿದ್ದರೆ ನಮಗೇನು ಉಳಿದಿದೆ ಎಂದು ಕೇಳಬಹುದು. ಹಳೆಯ ಗಣಿಯ ಮುಂದೆ ನಿಂತ ಪ್ರತಿಯೊಬ್ಬ ಎಂಜಿನಿಯರನ ಪ್ರಶ್ನೆಯೂ ಅದೇ. ಹಿಂದಿನವರು ಬಿಟ್ಟುಹೋದುದು ಬಂಗಾರ ಮುಗಿದುದರಿಂದಲೋ, ನೀರು ನುಗ್ಗಿದುದರಿಂದಲೋ, ರಾಜ್ಯ ಕೆಟ್ಟುದರಿಂದಲೋ? ಮೊದಲನೆಯದಾದರೆ ಹಾಕಿದ ಹಣವೆಲ್ಲ ಹಳ್ಳಕ್ಕೆ. ಉಳಿದವಾದರೆ ಹಳೆಯ ಹಳ್ಳಕ್ಕಿಂತ ಒಳ್ಳೆಯ ದಾರಿತೋರುಕ ಬೇರೆ ಇಲ್ಲ.

ಕೋಲಾರದ ಕಥೆ ಇಲ್ಲಿ ನೆನಪಿಗೆ ಬರುತ್ತದೆ. 1880ರ ಸುಮಾರಿನಲ್ಲಿ ಇಂಗ್ಲೆಂಡಿನ ಕಂಪನಿಗಳು ಅಲ್ಲಿ ಹಣ ಸುರಿದು ತೋಡಿದ್ದೂ ತೋಡಿದ್ದೆ, ಬಂಗಾರ ಸಿಗಲಿಲ್ಲ. ಮೈಸೂರು ಮೈನ್ ಕಂಪನಿಯ ಷೇರುದಾರರು ಕದ ಮುಚ್ಚುವ ಮಾತಾಡತೊಡಗಿದ್ದರು. ಆಗ ಪ್ಲಮರ್ ಎಂಬ ಗಣಿಗಾರ ಪ್ರಾಚೀನರ ಹೂಳು ತುಂಬಿದ ತೋಡುಗಳನ್ನೇ ಹಿಡಿದು ಅವುಗಳ ತಳಕ್ಕೆ ಇಳಿದ. ಹಿಂದಿನವರು ನಿಲ್ಲಿಸಿದ ಕಡೆಯಿಂದಲೇ ಚಾಂಪಿಯನ್ ರೀಫ್ ಕೆಳಕ್ಕೆ ಸಾಗಿತ್ತು. ಮುಂದೆ ಆ ಎಳೆಯನ್ನು ಹಿಂಬಾಲಿಸಿ ಹೋದವರು ಹತ್ತು ಸಾವಿರ ಅಡಿ ದಾಟಿದರು.

ಹಟ್ಟಿಯ ದಾರಿ ಇಷ್ಟು ನೇರವಾಗಿರಲಿಲ್ಲ. ನಿಜಾಮರ ಸರ್ಕಾರ 1886ರಲ್ಲಿ ಖನಿಜ ತೆಗೆಯುವ ಹಕ್ಕನ್ನು ಹೊರಗಿನವರಿಗೆ ಕೊಟ್ಟಿತು. 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಹಟ್ಟಿಯಲ್ಲಿ ಕೆಲಸ ನಡೆಯಿತು, 1920ರಲ್ಲಿ ನಿಂತಿತು. ಬಳಿಕ ಬಹುಕಾಲ ಗಣಿಯಲ್ಲಿ ನೀರು ನಿಂತಿತು. 1947ರ ಜುಲೈಯಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿ, ಗಣಿ ಮತ್ತೆ ಜೀವ ತಳೆಯಿತು. 1956ರಲ್ಲಿ ರಾಯಚೂರಿನೊಡನೆ ಅದೂ ಕನ್ನಡ ನಾಡಿಗೆ ಸೇರಿತು. ಇಂದಿಗೂ ನಡೆಯುತ್ತಿದೆ.

ನಿಂತ ಗಣಿಗೆ ಮತ್ತೆ ಇಳಿಯುವುದೆಂದರೆ ಬೀಗ ತೆಗೆದು ಒಳಹೊಕ್ಕಷ್ಟು ಸುಲಭವಲ್ಲ. ಮೊದಲು ನೀರು. ಅದನ್ನು ಎತ್ತಿ ಹಾಕಲು ತಿಂಗಳುಗಳು ಬೇಕು. ನೀರು ಇಳಿದಂತೆ ಒದ್ದೆಗೋಡೆಗಳು ಕುಸಿಯುತ್ತವೆ, ಹಳೆಯ ಮರದ ಆಸರೆಗಳು ಕೊಳೆತಿರುತ್ತವೆ. ಪ್ರಾಣವಾಯು ತೀರಿದ ಮೂಲೆಗಳಲ್ಲಿ ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಇವೆಲ್ಲಕ್ಕಿಂತ ಭಯಂಕರವಾದುದು ನಕ್ಷೆಯಲ್ಲಿಲ್ಲದ ಹಳೆಯ ತೋಡು. ನೀರು ತುಂಬಿ ನಿಂತ ತೋಡಿಗೆ ಹೊಸ ಸುರಂಗ ತಾಗಿತೋ, ಮುಗಿಯಿತು. 1975ರ ಡಿಸೆಂಬರಿನಲ್ಲಿ ಧನಬಾದಿನ ಚಾಸ್‌ನಾಲಾ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಮಂದಿ ಸತ್ತರು. ಆದ್ದರಿಂದ ತಿಳಿದ ಗಣಿಗಾರರು ಹಳೆಯ ತೋಡು ಇರಬಹುದೆಂಬ ದಿಕ್ಕಿಗೆ ಸುರಂಗಕ್ಕೆ ಮುಂಚೆ ಉದ್ದನೆಯ ತೂತು ಕೊರೆದು ನೋಡುತ್ತಾರೆ.

ಒಳಗೆ ಹೋದ ಮೇಲೆ ಬಂಗಾರ ಕಣ್ಣಿಗೆ ಕಾಣುತ್ತದೆಯೆ? ಬಹುಮಟ್ಟಿಗೆ ಇಲ್ಲ. ಒಂದು ಟನ್ ಕಲ್ಲಿನಲ್ಲಿ ನಾಲ್ಕು ಗ್ರಾಂ ಬಂಗಾರವಿದೆ ಎನ್ನಿ. ಹಾಗಿದ್ದರೆ ಮದುವೆಮನೆಯ ಒಂದು ಸವರನ್ನಿಗೆ, ಅಂದರೆ ಎಂಟು ಗ್ರಾಂ ಬಂಗಾರಕ್ಕೆ, ಎರಡು ಟನ್ ಕಲ್ಲನ್ನು ಒಡೆದು ಮೇಲೆತ್ತಿ ಹಿಟ್ಟು ಮಾಡಬೇಕು. ಅದೂ ಹನಿಯಷ್ಟೂ ಸೋರಿಹೋಗದೆ ಎಲ್ಲವೂ ಕೈಸೇರಿದರೆ! ಕಣ್ಣನ್ನು ನಂಬುವಂತಿಲ್ಲವಾದ್ದರಿಂದ ಎಂಜಿನಿಯರರು ಸುರಂಗದ ಗೋಡೆಯಲ್ಲಿ ಕೆಲವು ಅಡಿಗಳಿಗೊಮ್ಮೆ, ರೀಫಿಗೆ ಅಡ್ಡಲಾಗಿ, ಒಂದೇ ಅಗಲ ಒಂದೇ ಆಳದ ಗಾಡಿ ಕೊರೆದು ಆ ಪುಡಿಯನ್ನು ಚೀಲಗಳಲ್ಲಿ ತುಂಬಿಕೊಳ್ಳುತ್ತಾರೆ. ಚೆಂದ ಕಂಡಲ್ಲಿ ಹೆಚ್ಚು, ಬರಡು ಕಂಡಲ್ಲಿ ಕಡಿಮೆ ಎಂದು ಆರಿಸಿದರೆ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಆ ಚೀಲಗಳು ಮುಂದೆ ಹೋಗುವುದು ಮೂಸೆಗೆ. ನಮ್ಮ ಅಕ್ಕಸಾಲಿಗನ ವಿದ್ಯೆಗೂ ಇದಕ್ಕೂ ಹತ್ತಿರದ ನಂಟು. ಅಳತೆಮಾಡಿದ ಕಲ್ಲಿನ ಹಿಟ್ಟಿಗೆ ಸೀಸದ ಆಕ್ಸೈಡು, ಸೋಡಾ, ಬಿಳಿಗಾರ ಬೆರೆಸಿ, ಜೊತೆಗೆ ಒಂದು ಚಿಟಿಕೆ ಗೋಧಿಹಿಟ್ಟು ಹಾಕುತ್ತಾರೆ. ಕುಲುಮೆಯಲ್ಲಿ ಗೋಧಿಹಿಟ್ಟು ಸುಟ್ಟು, ಆಕ್ಸೈಡಿನಿಂದ ಸೀಸವನ್ನು ಬಿಡಿಸುತ್ತದೆ. ಆ ಸೀಸದ ಹನಿಗಳು ಕರಗಿದ ಕಲ್ಲಿನ ಮೂಲಕ ಮಳೆಯಂತೆ ಇಳಿಯುತ್ತ ಬಂಗಾರವನ್ನು ಬಾಚಿಕೊಂಡು ತಳ ಸೇರುತ್ತವೆ. ಆ ಸೀಸದ ಗುಂಡಿಯನ್ನು ಎಲುಬಿನ ಬೂದಿಯ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲು ಹೀರಿಕೊಂಡು, ಸಾಸಿವೆಗಿಂತ ಸಣ್ಣ ಮಣಿಯೊಂದು ಉಳಿಯುತ್ತದೆ. ಅದರ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಮಿಕ್ಕುದನ್ನು ತೂಗುತ್ತಾರೆ. ಒಂದು ಊರಿನ ಅನ್ನ ಆ ತಕ್ಕಡಿಯಲ್ಲಿ ಕೂತಿರುತ್ತದೆ.

ಈ ಪುಡಿಗೆ ಯಾರಾದರೂ ಒಂದಿಷ್ಟು ಬಂಗಾರದ ರಜ ಬೆರೆಸಿಬಿಟ್ಟರೆ? ಬೆರೆಸಿದವರುಂಟು. ಇಂಡೋನೇಷ್ಯಾದ ಬುಸಾಂಗಿನಲ್ಲಿ ಜಗತ್ತಿನ ಅತಿ ದೊಡ್ಡ ನಿಕ್ಷೇಪಗಳಲ್ಲೊಂದು ಸಿಕ್ಕಿತೆಂದು ಬ್ರೆ-ಎಕ್ಸ್ ಎಂಬ ಕೆನಡಾದ ಕಂಪನಿ ಸಾರಿತ್ತು. ಮಾದರಿಗಳಲ್ಲಿ ಕಲಬೆರಕೆಯಾಗಿದ್ದುದು 1997ರಲ್ಲಿ ಬಯಲಾಯಿತು. ಆ ವೇಳೆಗೆ ಸಾವಿರಾರು ಮಂದಿಯ ಉಳಿತಾಯದ ಹಣ ಅದರಲ್ಲಿ ಸೇರಿಹೋಗಿತ್ತು.

ಮಾದರಿ ಸರಿಯಾಗಿದ್ದರೂ ಲೆಕ್ಕ ಮುಗಿಯಲಿಲ್ಲ. ರೀಫಿನ ಅಗಲ ಒಂದೇ ಅಡಿ, ಅದರಲ್ಲಿ ಟನ್ನಿಗೆ 12 ಗ್ರಾಂ ಬಂಗಾರ ಎಂದಿಟ್ಟುಕೊಳ್ಳೋಣ. ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಒಂದು ಅಡಿಯ ಸಂದಿಯಲ್ಲಿ ಮನುಷ್ಯ ನಿಲ್ಲುವುದೆಲ್ಲಿ, ಯಂತ್ರ ಹಿಡಿಯುವುದೆಲ್ಲಿ? ನಾಲ್ಕು ಅಡಿ ಅಗೆಯಲೇಬೇಕು. ಮೂರು ಪಾಲು ಬರಿ ಕಲ್ಲು. 12 ಗ್ರಾಂ ಎಂಬುದು ಮೇಲೆ ಬರುವಾಗ ಮೂರು ಗ್ರಾಂ ಆಗಿರುತ್ತದೆ. ಪ್ರಾಚೀನರ ತೋಡುಗಳು ಅಷ್ಟು ಇಕ್ಕಟ್ಟಾಗಿ ಏಕಿದ್ದುವೆಂಬುದು ಈ ಲೆಕ್ಕ ಮಾಡಿದವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕೈಯಿಂದ ಕಲ್ಲು ಕುಟ್ಟುವವನು ಬೇಡದ ಕಲ್ಲನ್ನು ಮುಟ್ಟಲಾರ.

ಆದರೆ ಹಟ್ಟಿಯ ವಿಷಯದಲ್ಲಿ ಒಂದು ವಿಶೇಷವುಂಟು. ಅಲ್ಲಿನ ಬಂಡೆಗಳು ಧಾರವಾಡ ಶಿಲಾವರ್ಗಕ್ಕೆ ಸೇರಿದ ಕಪ್ಪು ಲಾವಾಶಿಲೆಗಳು. ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಮೇಲೆ. ಅವುಗಳಲ್ಲಿ ಒಂದರ ಪಕ್ಕ ಒಂದರಂತೆ, ಬಹುತೇಕ ನೆಟ್ಟಗೆ, ಬಿರುಕಿನ ಪಟ್ಟಿಗಳು ಕೆಳಕ್ಕೆ ಇಳಿಯುತ್ತವೆ. ಓಕ್ಲೀಸ್ ರೀಫ್, ಮಿಡ್ಲ್ ರೀಫ್, ವಿಲೇಜ್ ರೀಫ್, ಸ್ಟ್ರೈಕ್ ರೀಫ್ ಎಂದೆಲ್ಲ ಅವಕ್ಕೆ ಹೆಸರು. ಭೂಮಿಯ ಒಡಲಿಂದ ಬಂದ ಬಿಸಿನೀರು ಈ ಪಟ್ಟಿಗಳಲ್ಲಿ ಹರಿದು ಬಿಳಿಯ ಬೆಣಚುಕಲ್ಲನ್ನೂ ಬಂಗಾರವನ್ನೂ ಬಿಟ್ಟುಹೋಯಿತು. ಬಂಗಾರವೆಂದರೆ ಬೆಣಚುಕಲ್ಲಿನೊಳಗೆ ಎಂಬುದು ಎಲ್ಲರ ನಂಬಿಕೆ. ಹಟ್ಟಿಯಲ್ಲಿ ಪಕ್ಕದ ಗೋಡೆಯನ್ನೂ ಪರೀಕ್ಷಿಸಿದಾಗ, ಆ ಬಿಸಿನೀರಿನ ಸೋಂಕಿನಿಂದ ಅಭ್ರಕದ ಹೊಳಪು ತಳೆದ ಕಪ್ಪುಕಲ್ಲಿನಲ್ಲೂ ಬಂಗಾರ ಸೇರಿರುವುದು ಕಂಡುಬಂತು. ಬೆಣಚುಕಲ್ಲನ್ನೇ ಹುಡುಕುವ ಕಣ್ಣಿಗೆ ಅದು ಬರಿ ಗೋಡೆ. ಮರುಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ತಿಳಿದಿಲ್ಲ. ಕಲ್ಲು ಅದೇ, ಕೇಳಿದ ಪ್ರಶ್ನೆ ಬೇರೆ.

ಸುರಂಗ ತಲುಪದ ಕಡೆಗೆ ವಜ್ರದ ಹಲ್ಲಿನ ಟೊಳ್ಳು ಬೈರಿಗೆ ಹೋಗುತ್ತದೆ. ಬಾಳೆದಿಂಡಿನಂತೆ ದುಂಡನೆಯ ಕಲ್ಲಿನ ತಿರುಳು ಅದರೊಳಗೆ ಬರುತ್ತದೆ. ಅದನ್ನು ಉದ್ದುದ್ದವಾಗಿ ಸೀಳಿ ಅರ್ಧವನ್ನು ಪರೀಕ್ಷೆಗೆ ಕಳಿಸಿ, ಇನ್ನರ್ಧವನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಾರೆ; ಮುಂದೆ ಯಾರಾದರೂ ಅನುಮಾನಪಟ್ಟರೆ ನೋಡಲಿ ಎಂದು.

ಇಷ್ಟಾದರೂ ಗಣಿ ತೆರೆಯುವುದು ಮುಚ್ಚುವುದು ನೆಲದೊಳಗಿನ ಸಂಗತಿಯಿಂದ ಮಾತ್ರವೇ ತೀರ್ಮಾನವಾಗುವುದಿಲ್ಲ. 1934ರಲ್ಲಿ ಅಮೆರಿಕ ಬಂಗಾರದ ಬೆಲೆಯನ್ನು ಔನ್ಸಿಗೆ 20 ಡಾಲರ್ 67 ಸೆಂಟಿನಿಂದ 35 ಡಾಲರಿಗೆ ಏರಿಸಿದಾಗ, ಜಗತ್ತಿನ ಎಷ್ಟೋ ಬರಡು ಕಲ್ಲು ಒಂದೇ ದಿನದಲ್ಲಿ ಅದಿರಾಯಿತು. ಕೋಲಾರದ ಗಣಿಗಳಿಗೆ ಬಾಗಿಲು ಬಿದ್ದುದು 2001ರ ಫೆಬ್ರವರಿ 28ರಂದು. ಆ ವರ್ಷ ಬಂಗಾರದ ಬೆಲೆ ಔನ್ಸಿಗೆ 300 ಡಾಲರಿಗಿಂತ ಕೆಳಗಿತ್ತು. 2025ರಲ್ಲಿ ಅದು 4,000 ಡಾಲರ್ ದಾಟಿತು. ಬೆಲೆ ಏರಿತೆಂದು ಈಗ ಇಳಿಯೋಣವೆಂದರೆ ಕೋಲಾರದ ಆಳದಲ್ಲಿ ನೀರು ತುಂಬಿದೆ. ಪಂಪು ನಿಲ್ಲಿಸಲು ಒಂದು ಆಜ್ಞೆ ಸಾಕು. ನಿಲ್ಲಿಸಿದ್ದನ್ನು ಮರಳಿ ಪಡೆಯಲು ಹಿಂದೆ ಹೇಳಿದ ಕೆಲಸವನ್ನೆಲ್ಲ ಮೊದಲಿಂದ ಮಾಡಬೇಕು, ಅದೂ ಎರಡು ಮೈಲಿಗೆ ಸಮೀಪದ ಆಳದಲ್ಲಿ, ಬಂಡೆಯೇ ಸಿಡಿಯುವ ತಾಣದಲ್ಲಿ. ತಲೆಮಾರುಗಳಿಂದ ಆ ಗಣಿಗೆ ಇಳಿದವರ ಮಕ್ಕಳು ದಿನ ಬೆಳಗಾದರೆ ಬೆಂಗಳೂರಿನ ರೈಲು ಹತ್ತುವಂತಾದುದು ಯಾವ ಲೆಕ್ಕದ ಪುಸ್ತಕದಲ್ಲೂ ಖರ್ಚಾಗಿ ಬರಲಿಲ್ಲ.

ಆದ್ದರಿಂದ ಅಲ್ಲಿ ಮರುಪರೀಕ್ಷೆ ನಡೆದಿರುವುದು ನೆಲದ ಮೇಲೆ. ನೂರಕ್ಕೂ ಹೆಚ್ಚು ವರ್ಷ ಕಲ್ಲನ್ನು ಅರೆದು ಬಂಗಾರ ತೆಗೆದ ಮೇಲೆ ಉಳಿದ ಹಿಟ್ಟು ಊರಿನ ಮಗ್ಗುಲಲ್ಲಿ ಗುಡ್ಡಗಳಾಗಿ ನಿಂತಿದೆ. ಸೈನೈಡ್ ದಿಬ್ಬಗಳೆಂದು ಜನ ಕರೆಯುತ್ತಾರೆ. ಮೂರು ಕೋಟಿ ಟನ್ನಿಗೂ ಹೆಚ್ಚಿರುವ ಆ ರಾಶಿಯಲ್ಲಿ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಬಂಗಾರ ಉಳಿದಿದೆ. ಒಡೆಯುವ, ಮೇಲೆತ್ತುವ, ಅರೆಯುವ ಖರ್ಚು ಆಗಲೇ ಸಂದಿರುವುದರಿಂದ ಅಷ್ಟೂ ಸಾಕಾಗಬಹುದೆಂಬುದು ಲೆಕ್ಕ. 2024ರಲ್ಲಿ ರಾಜ್ಯದ ಮಂತ್ರಿಮಂಡಲ ಇದಕ್ಕೆ ಒಪ್ಪಿಗೆ ಕೊಟ್ಟಿತು. ಗಾಳಿಯ ದಿನಗಳಲ್ಲಿ ಆ ದಿಬ್ಬಗಳ ಧೂಳು ಹಾರಿ ಮನೆಗಳ ಅಂಗಳಕ್ಕೆ, ಒಣಹಾಕಿದ ಬಟ್ಟೆಗೆ ಬಂದು ಕೂರುತ್ತದೆ. ಅಲ್ಲಿಯ ಹೆಂಗಸರು ಬಹಳ ವರ್ಷಗಳಿಂದ ಅದನ್ನು ಗುಡಿಸುತ್ತಿದ್ದಾರೆ.